ಅಳೆದು ನೋಡದೆ ಒಪ್ಪದ ನನ್ನ ಸೊಸೆ

ನನ್ನ ಸೊಸೆಯ ಬಲಗೈ ಹೆಬ್ಬೆರಳಿನ ತುದಿ ಮರದ ತೊಗಟೆಯ ಹಾಗಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಾಲು ಪರೀಕ್ಷೆ ಮಾಡುವುದು ಅವಳ ಕೆಲಸ. ತಗಡು ಒತ್ತಿ ಕತ್ತರಿಸುವ ಪ್ರೆಸ್ಸಿನಿಂದ ಬಿದ್ದ ಬಿಲ್ಲೆಯ ಅಂಚನ್ನು ಹೆಬ್ಬೆರಳಿನಿಂದ ಸವರಿ, ಮುಳ್ಳು ಎದ್ದಿದೆಯೋ ಇಲ್ಲವೋ ನೋಡಬೇಕು. ಎಷ್ಟು ಸಲ ಕುಯ್ದಿತ್ತೋ, ಕೊನೆಗೆ ಚರ್ಮವೇ ಗಟ್ಟಿಯಾಯಿತು. ಮನೆಯಲ್ಲೂ ಆ ಬೆರಳು ಸುಮ್ಮನಿರುತ್ತಿರಲಿಲ್ಲ. ನಾನು ತೊಳೆದಿಟ್ಟ ತಟ್ಟೆ ಸವರಿ, "ಅತ್ತೆ, ಜಿಡ್ಡು ಹಂಗೇ ಇದೆ" ಅನ್ನುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಗ ಕಾರ್ಖಾನೆಯಲ್ಲಿ ಮೆಚ್ಚಿ ಕಟ್ಟಿಕೊಂಡವಳು, ನಾನು ಆರಿಸಿ ತಂದವಳಲ್ಲ. ಆ ಸಿಟ್ಟೂ ಇತ್ತು, ಮುಚ್ಚಿಡುವುದೇಕೆ.

ತೊಂಬತ್ತೈದರ ಆಸುಪಾಸಿನ ಮಾತು. ನಾವಿದ್ದದ್ದು ಟಿ. ದಾಸರಹಳ್ಳಿಯ ಒಂದು ವಠಾರದಲ್ಲಿ, ಗೋಡೆಯಾಚೆ ಪ್ರೆಸ್ ಶಾಪ್. ಬೆಳಗ್ಗೆ ಎಂಟಕ್ಕೆ ಶುರುವಾದರೆ ಒಲೆಯ ಮೇಲಿನ ಪಾತ್ರೆ ಕುಣಿಯುತ್ತಿತ್ತು. ಬೀದಿಯ ಗಂಡಸರಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ಹಿಂದಿನಿಂದ ಕರೆದರೆ ಯಾರೂ ತಿರುಗುವುದಿಲ್ಲ, ಭುಜ ತಟ್ಟಬೇಕು. ನನ್ನ ಮಗನೂ ಹಾಗೇ. ಅದಕ್ಕೇ ಮೂರು ವರ್ಷದ ಮೊಮ್ಮಗ ಮಾತಾಡದೆ, ಕರೆದರೆ ತಿರುಗದೆ ಇದ್ದಾಗ ನಮಗೆ ಆಶ್ಚರ್ಯವಾಗಲಿಲ್ಲ. ಹೊಟ್ಟೆಯಲ್ಲಿದ್ದಾಗಿಂದ ಪ್ರೆಸ್ ಸದ್ದಿನಲ್ಲಿ ಬೆಳೆದ ಕೂಸು, ಕಿವಿ ಹೋಗಿದೆ ಎಂದು ಎಲ್ಲರೂ ತೀರ್ಮಾನಿಸಿದೆವು. ಮೊದಲು ಹೇಳಿದವಳು ನಾನೇ.

ಮುಖ್ಯರಸ್ತೆಯ ಡಾಕ್ಟರು ನಮ್ಮ ಮಾತು ಕೇಳಿಕೊಂಡು, ಮಗುವಿನ ಬೆನ್ನ ಹಿಂದೆ ಎರಡು ಸಲ ಚಪ್ಪಾಳೆ ತಟ್ಟಿದರು. ಅವನು ತಿರುಗಲಿಲ್ಲ. ಕಿವಿಗೆ ಹಾಕುವ ಮಿಷನ್ ಬರೆದುಕೊಟ್ಟರು, ಕಿವುಡು ಮಕ್ಕಳ ಶಾಲೆಗೆ ಒಂದು ಚೀಟಿಯನ್ನೂ ಕೊಟ್ಟರು.

ಮಿಷನ್ ಹಾಕಿದರೆ ಹುಡುಗ ಕಿತ್ತೆಸೆಯುತ್ತಿದ್ದ, ಕಿರುಚಿ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಅಪ್ಪ ಅಮ್ಮ ಪಾಳಿಗೆ ಹೋದ ಮೇಲೆ ಅವನ ಜೊತೆ ಇರುವವಳು ನಾನು. ಎರಡೂ ಕೈ ಹಿಡಿದು ಹಾಕುತ್ತಿದ್ದೆ. ಕಿತ್ತರೆ ಹೊಡೆಯುತ್ತಿದ್ದೆ. ಒಂದು ದಿನವಲ್ಲ.

ಒಂದು ಸಂಜೆ ಸೊಸೆ ಮಗುವಿನ ಕೆನ್ನೆಯ ಮೇಲೆ ನನ್ನ ಬೆರಳ ಗುರುತು ನೋಡಿದಳು. ಅವನನ್ನು ಎತ್ತಿಕೊಂಡು ಕೇಳಿದಳು.

"ಯಾವಾಗ ಜಾಸ್ತಿ ಕಿರುಚ್ತಾನೆ ಅತ್ತೆ?"

"ಎಂಟು ಗಂಟೆಗೆ. ಪ್ರೆಸ್ ಶುರುವಾದಾಗ."

"ಮಿಷನ್ ಹಾಕ್ದೇ ಇದ್ರೆ?"

"ಆಗ್ಲೂ ಅಂಗೇಯ. ಕಿವಿ ಮುಚ್ಕೊಂಡು ಮೂಲೆ ಸೇರ್ಕತಾನೆ."

"ಕೇಳಿಸ್ದೇ ಇರೋನು ಕಿವಿ ಯಾಕೆ ಮುಚ್ಕೋತಾನೆ?"

"ನೆಲ ಅದುರ್ತದಲ್ಲ, ಅದ್ಕೆ. ನೀನೇನು ಡಾಕ್ಟ್ರಮ್ಮನಾ?"

"ಅಲ್ಲ. ಅದ್ಕೇ ಅಳೆದು ನೋಡ್ತೀನಿ."

ಆಗ ವಾರಕ್ಕೊಂದು ದಿನ ಕಾರ್ಖಾನೆಗಳಿಗೆ ಕರೆಂಟ್ ಇರುತ್ತಿರಲಿಲ್ಲ. ಅವತ್ತು ಅವಳಿಗೂ ರಜೆ, ನೆಲವೂ ಅದುರುವುದಿಲ್ಲ. ಶಾಪಿನಿಂದ ರದ್ದಿ ಹಾಳೆ ತಂದು, ಹಿಂಬದಿಗೆ ಗೆರೆ ಎಳೆದು ಚೌಕಗಳ ಪಟ್ಟಿ ಮಾಡಿದಳು. ಯಾವ ಸದ್ದು, ಎಷ್ಟು ದೂರ, ತಿರುಗಿದನೋ ಇಲ್ಲವೋ. ಮಿಷನ್ ಬಿಚ್ಚಿಟ್ಟು, ಬಾಗಿಲ ಮರೆಯಲ್ಲಿ ನಿಂತು ಚಮಚ ಬೀಳಿಸಿದಳು, ತಟ್ಟೆ ಬಡಿದಳು, ಹೆಸರು ಕರೆದಳು, ಬಿಸ್ಕತ್ತಿನ ಪೊಟ್ಟಣ ಹರಿದಳು.

"ಕೂಸೇನು ನಿಮ್ಮ ಶಾಪಿನ ಬಿಲ್ಲೆ ಅಂದ್ಕಂಡ್ಯಾ?" ಎಂದು ನಾನು ನಕ್ಕೆ.

"ಒಂದು ಬಿಲ್ಲೆ ನೋಡಿ ಇಡೀ ಬುಟ್ಟಿ ಪಾಸ್ ಮಾಡಂಗಿಲ್ಲ ಅತ್ತೆ. ಡಾಕ್ಟ್ರು ನೋಡಿದ್ದು ಚಪ್ಪಾಳೆ ಒಂದೇ."

ನಾಲ್ಕು ವಾರ ಬಿಡದೆ ಮಾಡಿದಳು. ಹೆಸರು ಕರೆದರೆ ಒಂದು ಸಲವೂ ತಿರುಗಲಿಲ್ಲ. ಪೊಟ್ಟಣ ಹರಿದರೆ ಒಳಕೋಣೆಯಿಂದ ಎದ್ದು ಬಂದ. ಮೂರನೇ ವಾರ, ವಠಾರದ ನಲ್ಲಿಯಲ್ಲಿ ನೀರು ಬರುವ ಮುಂಚೆ ಸುಯ್ಯೆಂದು ಗಾಳಿ ಬರುತ್ತದಲ್ಲ, ಅದು ನಮಗೆ ಕೇಳಿಸುವ ಮೊದಲೇ ಅವನು ಹಿತ್ತಲಿಗೆ ಓಡಿದ. ಅದನ್ನು ನನ್ನ ಕಣ್ಣಾರೆ ಕಂಡೆ. ಆಮೇಲೆ ನಗಲಿಲ್ಲ. ಚೆನ್ನಾಗಿ ಕೇಳುವ ಕಿವಿಗೆ ಮಿಷನ್ ತುರುಕಿ, ಪ್ರೆಸ್ ಸದ್ದನ್ನು ಇನ್ನಷ್ಟು ದೊಡ್ಡದು ಮಾಡಿ ಒಳಗೆ ಬಿಟ್ಟಿದ್ದೆ.

ಅಷ್ಟರಲ್ಲಿ ಕಿವುಡು ಮಕ್ಕಳ ಶಾಲೆಯಿಂದ ಸೀಟು ಬಂತು. "ಈಗ ಬಿಟ್ರೆ ಮತ್ತೆ ಸಿಗಲ್ಲ ಕಣೇ" ಎಂದು ಮಗ ಕೂಗಾಡಿದ.

"ಕೇಳೋ ಮಗೂನ ಅಲ್ಲಿ ಕೂರಿಸಿದ್ರೆ, ಕೇಳ್ದೇ ಇರೋ ಮಗುವಿನ ಜಾಗ ಹೋಯ್ತು. ಇವನಿಗೂ ಉಪಯೋಗ ಇಲ್ಲ" ಅಂದಳು. ಸೀಟಿನ ಚೀಟಿಯನ್ನು ಶಾಲೆಗೆ ವಾಪಸ್ಸು ಕೊಟ್ಟು ಬಂದಳು.

ರಜೆ ಹಾಕಿ, ಎರಡು ಬಸ್ಸು ಬದಲಿಸಿ, ನಗರದ ದೊಡ್ಡ ಆಸ್ಪತ್ರೆಗೆ ಹೊರಟಳು. ಮಗುವನ್ನು ಹಿಡಿದುಕೊಳ್ಳಲು ನಾನೂ ಹೋದೆ. ಅಲ್ಲಿನ ಡಾಕ್ಟರಮ್ಮ ಆ ಹಾಳೆಗಳನ್ನು ಒಂದೊಂದಾಗಿ ಓದಿದರು.

"ಇದನ್ನ ಯಾರು ಬರೆದಿದ್ದು?"

"ನಾನೇ ಮೇಡಂ."

"ಏನು ಓದಿದ್ದೀರಿ?"

"ಎಸ್ಸೆಸ್ಸೆಲ್ಸಿ ಫೇಲ್ ಮೇಡಂ."

ಡಾಕ್ಟರಮ್ಮ ಪಕ್ಕದ ಕೋಣೆಯಿಂದ ಇಬ್ಬರು ಕಲಿಯುವ ಡಾಕ್ಟರುಗಳನ್ನು ಕರೆದು, "ಇದನ್ನ ನೋಡಿ, ಕೇಸು ಹೀಗೆ ಬರೀಬೇಕು" ಅಂದರು. ನಾನು ಹಿಂದಿನಿಂದ, "ನನ್ನ ಸೊಸೆ" ಅಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಕಿವಿ ಪರೀಕ್ಷೆಯಾಯಿತು, ಕಿವಿ ನೆಟ್ಟಗಿತ್ತು. ಮೂರು ಸಲ ಓಡಾಡಿದ ಮೇಲೆ ಆಟಿಸಂ ಅಂದರು. ಕಂಡದ್ದನ್ನು, ಕೇಳಿದ್ದನ್ನು ಇವನ ತಲೆ ಬೇರೆ ದಾರಿಯಲ್ಲಿ ಹಿಡಿಯುತ್ತದೆ, ಮಾತ್ರೆಯಿಂದ ಹೋಗುವುದಲ್ಲ, ಕಲಿಸಬೇಕು ಎಂದು ಬಿಡಿಸಿ ಹೇಳಿದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಅವಳು ಆ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡು ಮಡಿಚಿಟ್ಟಳು. "ಏನು ಅಂತ ಗೊತ್ತಾಯ್ತಲ್ಲ ಅತ್ತೆ, ಇನ್ನು ಕೆಲಸ ಮಾಡ್ಬೋದು. ಏಳಿ, ಬಸ್ಸು ತಪ್ಪುತ್ತೆ."

ಮಾಡಿದಳು. ಮೊದಲು ಪ್ರೆಸ್ ಶಾಪಿನಿಂದ ನಾಲ್ಕು ಬೀದಿ ಆಚೆಗೆ ಮನೆ ಬದಲಿಸಿದಳು. ಆರನೇ ವರ್ಷಕ್ಕೆ ಹುಡುಗ "ನೀರು" ಅಂದ. ಈಗ ಮೂವತ್ತು ದಾಟಿದ್ದಾನೆ. ಮಾತು ಕಮ್ಮಿ. ತನ್ನ ಬಟ್ಟೆ ತಾನೇ ಒಗೆಯುತ್ತಾನೆ, ಅಮ್ಮನಿಗೆ ತರಕಾರಿ ಹೆಚ್ಚಿಕೊಡುತ್ತಾನೆ, ಎಲ್ಲ ಒಂದೇ ಅಳತೆ. ಯಾರಾದರೂ ಅಯ್ಯೋ ಪಾಪ ಅಂದರೆ ನಾನು ಅವರನ್ನು ಒಳಗೆ ಕರೆಯುವುದಿಲ್ಲ.

ಅವಳ ಋಣ ನನ್ನ ಮೇಲೆ ಇನ್ನೊಂದಿದೆ. ಮಗು ದಿನವಿಡೀ ಏನು ಮಾಡಿತು, ಯಾವುದಕ್ಕೆ ಹೆದರಿತು ಬರೆದಿಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಹಗಲು ಇರುವವಳು ನಾನು, ನನಗೆ ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. "ಕಲೀರಿ" ಅಂದಳು. ಸಂಜೆ ಪಾಳಿಯಿಂದ ಬಂದು ಮುದ್ದೆ ತಿರುವುತ್ತ ಐವತ್ತೈದರ ಮುದುಕಿಗೆ ಅಕ್ಷರ ಹೇಳಿಕೊಟ್ಟಳು. ಇದನ್ನು ಬರೆಯುತ್ತಿರುವುದೂ ಆ ಅಕ್ಷರಗಳಲ್ಲೇ.

ನಾನೇ ಸ್ವಂತವಾಗಿ ಬರೆದ ಮೊದಲ ಸಾಲಿಗೆ ಅರ್ಧ ದಿನ ಹಿಡಿಯಿತು. "ಇವತ್ತು ಕಿರುಚಿದ. ನಾನು ಹೊಡೆಯಲಿಲ್ಲ."

ಹೆಗಲಿನ ಚೀಲ ಇಳಿಸದೆ, ನಿಂತುಕೊಂಡೇ ಓದಿದಳು. ಎರಡು ಸಲ ಓದಿದಳೆಂದು ಕಾಣುತ್ತದೆ.

"ಎಷ್ಟು ಗಂಟೆಗೆ ಅಂತ್ಲೂ ಬರೀಬೇಕು ಅತ್ತೆ" ಎಂದು ಹಾಳೆಯನ್ನು ನನ್ನ ಕೈಗೇ ವಾಪಸ್ಸು ಕೊಟ್ಟಳು.