ಸೋಸದೆ ಬಡಿಸಿದ ವೈನ್

ಇಂದಿರಾನಗರದಲ್ಲಿ ಆಫೀಸಿನ ಗೆಳತಿಯೊಬ್ಬಳು ಹೊಸ ಮನೆ ಮಾಡಿದ್ದಳು. ಎರಡು ಸಾವಿರದ ದಶಕ ಮುಗಿಯುತ್ತಾ ಬಂದಿತ್ತು. ವೈನಿನ ಬಗ್ಗೆ ಮಾತಾಡುವ ಚಟ ನಮ್ಮ ಆಫೀಸಿನವರಿಗೆ ಆಗಷ್ಟೇ ಅಂಟಿತ್ತು. ಇಟಲಿಯಿಂದ ತಂದ ಬಾಟಲಿ ತೆಗೆದು, "ಇದು ಆರೆಂಜ್ ವೈನ್ ಕಣೇ. ಕಿತ್ತಳೆ ಹಣ್ಣಿಂದಲ್ಲ, ಬಿಳಿ ದ್ರಾಕ್ಷೀನ ಸಿಪ್ಪೆ ಸಮೇತ ಹುಳಿ ಬರ್ಸಿರ್ತಾರೆ. ಫಿಲ್ಟರ್ ಮಾಡಿಲ್ಲ, ಅದಕ್ಕೇ ಮಬ್ಬು" ಎಂದು ಪಾಠ ಒಪ್ಪಿಸಿದಳು. ಗ್ಲಾಸಿನ ತಳದಲ್ಲಿ ಗಸಿ ನಿಂತಿತ್ತು. ಗುಟುಕರಿಸಿದೆ. ಮೊದಲು ಹುಳಿ, ಆಮೇಲೆ ಕಡುಚಹಾದ ಒಗರು, ಕೊನೆಗೆ ಒಣದ್ರಾಕ್ಷಿ ಡಬ್ಬಿಯ ವಾಸನೆ. ನನಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಈ ರುಚಿ ನನಗೆ ಹೊಸದಲ್ಲ. ಹಿಂದೊಮ್ಮೆ ಇದನ್ನು ಮಾಡಿದ್ದವಳು ನಮ್ಮವ್ವ, ಜನ್ಮದಲ್ಲಿ ಮದ್ಯ ಮುಟ್ಟದವಳು.

ತೊಂಬತ್ತರ ದಶಕದಲ್ಲಿ ನಾವು ಪುಲಿಕೇಶಿನಗರದ ಹಳೇ ಮನೆಯೊಂದರ ಹಿಂಭಾಗದಲ್ಲಿ ಬಾಡಿಗೆಗಿದ್ದೆವು. ಅಪ್ಪನ ಕೆಲಸಕ್ಕಾಗಿ ಬಿಜಾಪುರದಿಂದ ಬಂದವರು. ಮುಂಭಾಗದಲ್ಲಿ ಮನೆಯ ಯಜಮಾನರು, ತಮಿಳು ಮಾತಾಡುವ ಕ್ರಿಶ್ಚಿಯನ್ ದಂಪತಿ. ನಮಗೆ ಅಂಕಲ್ ಮತ್ತು ಆಂಟಿ. ಪ್ರತಿ ನವೆಂಬರಿನಲ್ಲಿ ಅಂಕಲ್ ಶಿವಾಜಿನಗರದ ಮಾರ್ಕೆಟ್ಟಿನಿಂದ ಕಪ್ಪು ದ್ರಾಕ್ಷಿ ತಂದು ಕ್ರಿಸ್‌ಮಸ್ಸಿಗೆ ವೈನ್ ಹಾಕುತ್ತಿದ್ದರು. ದೊಡ್ಡ ಪಿಂಗಾಣಿ ಭರಣಿ, ಸಕ್ಕರೆ, ಈಸ್ಟ್, ಹಿಡಿ ಗೋಧಿ, ಚಕ್ಕೆ, ಲವಂಗ. ಕೊನೆಗೆ ತಮ್ಮದೇ ಹಳೆಯ ಮಲ್ಲಿನ ಪಂಚೆಯಲ್ಲಿ ಮತ್ತೆ ಮತ್ತೆ ಸೋಸುತ್ತಿದ್ದರು. ಆಂಟಿಗೆ ಆ ಭರಣಿಯ ಹತ್ತಿರ ಸುಳಿಯಲೂ ಅಪ್ಪಣೆ ಇರಲಿಲ್ಲ. ಇದಿಷ್ಟನ್ನೂ ಅವ್ವ ಅಡುಗೆಮನೆ ಕಿಟಕಿಯಿಂದ, ಮೂಗು ಮುರಿಯುತ್ತಲೇ, ಒಂದೂ ಬಿಡದೆ ನೋಡುತ್ತಿದ್ದಳು.

ಒಂದು ಮಳೆಗಾಲದಲ್ಲಿ ಅಂಕಲ್ ತೀರಿಕೊಂಡರು. ಆಂಟಿ ಊಟದ ಮೇಜಿಗೆ ಬರುವುದನ್ನೇ ಬಿಟ್ಟರು. ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತೇ ಉಣ್ಣುತ್ತಿದ್ದರು. "ಈ ವರ್ಷ ನಂಗೆ ಕ್ರಿಸ್‌ಮಸ್ ಇಲ್ಲಮ್ಮ. ಮುಂದಿನ ಬಾಗಿಲೂ ತೆಗೆಯಲ್ಲ" ಅಂದರು. ಭರಣಿಯನ್ನು ತೊಳೆದು ಹಿತ್ತಿಲಿನಲ್ಲಿ ಬೋರಲು ಹಾಕಿದ್ದರು. ಅವ್ವನಿಗೆ ಅದನ್ನು ನೋಡಲಾಗಲಿಲ್ಲ. "ಅಕ್ಕಾರ, ಆ ಭರಣಿ ಕೊಡ್ರಿ, ಉಪ್ಪಿನಕಾಯಿ ಹಾಕ್ತೀನಿ" ಎಂದು ಸುಳ್ಳು ಹೇಳಿ ಎತ್ತಿಕೊಂಡು ಬಂದಳು.

ನವೆಂಬರಿನಲ್ಲಿ ವೈನಿಗೆ ದ್ರಾಕ್ಷಿ ತರಲು ಅವ್ವನ ಜೊತೆ ಮಾರ್ಕೆಟ್ಟಿಗೆ ನಾನೂ ಹೋಗಿದ್ದೆ. ಬಿಜಾಪುರದವರಿಗೆ ದ್ರಾಕ್ಷಿ ಅಂದರೆ ಬಿಳಿದು. ಬೀಜದ ಕಪ್ಪು ದ್ರಾಕ್ಷಿಯನ್ನು ಅವ್ವ ದ್ರಾಕ್ಷಿಯ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಅಂಕಲ್ ಜುಗ್ಗತನದಿಂದ ಅದನ್ನು ತರುತ್ತಿದ್ದರು ಎಂಬುದು ಅವಳ ಗುಮಾನಿ. "ಅಕ್ಕಾರಿಗೆ ಚಲೋದ ಹಾಕೂಣು" ಎಂದು ಬಿಳಿ ದ್ರಾಕ್ಷಿಯನ್ನೇ ಆರಿಸಿದಳು. ಬಣ್ಣ ಹೇಗೂ ಚಕ್ಕೆ ಲವಂಗದಿಂದ ಬರುತ್ತದಲ್ಲ, ಎಂದುಕೊಂಡಿದ್ದಳು!

ಉಪ್ಪಿನಕಾಯಿಯ ಮಡಿಯೆಲ್ಲ ಅದಕ್ಕೂ ನಡೆಯಿತು. ಒಣಗಿದ ಮರದ ಸೌಟು, ಒದ್ದೆ ಕೈ ಹತ್ತಿರ ಬರಬಾರದು, ಬಾಯಿಗೆ ಬಿಳಿ ಬಟ್ಟೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಬಂದು ಕಲಕುತ್ತಿದ್ದಳು. "ಮನ್ಯಾಗ ಭಟ್ಟಿ ಇಟ್ಟೀ ಅಂತ ಊರಿಗೆ ತಿಳಿಸಲೇನು?" ಎಂದು ಅಪ್ಪ ಕಾಲೆಳೆದರೆ, "ಸುಮ್ಮನಿರ್ರಿ, ಇದು ಅಕ್ಕಾರ ಹಬ್ಬದ್ದು" ಎನ್ನುತ್ತಿದ್ದಳು. ವಾರದೊಳಗೆ ಹಿತ್ತಿಲೆಲ್ಲ ಘಮ್ಮೆಂದಿತು. ಆಂಟಿಗೆ ಗೊತ್ತಾಗದೆ ಇರುತ್ತದೆಯೇ?

ಇಂದಲ್ಲ ನಾಳೆ ಕೆಂಪೇರೀತೆಂದು ಅವ್ವ ದಿನಾ ಕಾದದ್ದೇ ಬಂತು, ಹಬ್ಬದ ಹಿಂದಿನ ದಿನ ಭರಣಿ ತೆರೆದರೂ ಕೆಂಪು ಎಲ್ಲಿ? ಮಾವಿನ ರಸಕ್ಕೆ ನೀರು ಬೆರೆಸಿದಂಥ ಕಿತ್ತಳೆ ಬಣ್ಣ, ಮೇಲೆ ಉಬ್ಬಿದ ಸಿಪ್ಪೆ. ಅವ್ವನ ಮುಖ ಸಪ್ಪಗಾಯಿತು. ಸೋಸಿದರೆ ಸರಿಹೋದೀತೆಂದು ಅಂಕಲ್‌ರ ಪಂಚೆ ಕೇಳಲು ಹೋದಳು, ಹಿಂದೆ ನಾನು. ಆಂಟಿ ಒಂದೂ ಪ್ರಶ್ನೆ ಕೇಳದೆ ಬೀರು ತೆರೆದರು. ಪಂಚೆಯ ತುಂಬ ವರ್ಷವರ್ಷದ ನೇರಳೆ ಕಲೆ. ಅದನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ನಿಂತರು. ಮತ್ತೆ ಮಡಚಿ ಒಳಗಿಟ್ಟು, "ಇದು ಬೇಡಮ್ಮ" ಅಂದರು. "ಹಂಗಾರ ಸೋಸೂದ ಬ್ಯಾಡ ಬಿಡ್ರಿ" ಎಂದಳು ಅವ್ವ. ನಮ್ಮ ಮನೆಯಲ್ಲಿ ಬೇರೆ ಬಟ್ಟೆಗೇನೂ ಬರವಿರಲಿಲ್ಲ.

ಕ್ರಿಸ್‌ಮಸ್ ಮಧ್ಯಾಹ್ನ ಹಿಂಬಾಗಿಲಿನಿಂದ ಹೋಗಿ ಅವ್ವ ಮೇಜಿನ ಮೇಲೆ ಸ್ಟೀಲಿನ ಲೋಟಗಳನ್ನಿಟ್ಟಳು. ಮೇಲಿನ ತಿಳಿಯನ್ನು ಸೌಟಿನಿಂದ ಬಗ್ಗಿಸಿದರೂ ರಸ ಮಬ್ಬಾಗೇ ಇತ್ತು. ರುಚಿ ನೋಡಿರಲಿಲ್ಲ, ದೇವರ ನೈವೇದ್ಯವನ್ನು ಮಾಡಿದವರು ಮೊದಲು ಮುಟ್ಟುವುದಿಲ್ಲವಲ್ಲ, ಇದಕ್ಕೂ ಅದೇ ನಿಯಮ. "ಕುಂಡ್ರಿ ಅಕ್ಕಾರ" ಎಂದಳು. ಆಂಟಿ ಅಂಕಲ್‌ರ ಖಾಲಿ ಕುರ್ಚಿ ನೋಡಿದರು, ನಮ್ಮನ್ನು ನೋಡಿದರು, ಕಡೆಗೆ ಕೂತರು. ಪ್ರಾರ್ಥನೆ ಮಾಡಿ ಒಂದು ಗುಟುಕು ಕುಡಿದರು. ಅವ್ವ ಸೆರಗು ಹಿಂಡುತ್ತಾ ನಿಂತಿದ್ದಳು. ನಾನೂ ಒಂದು ಗುಟುಕು ಕದ್ದೆ.

"ಅವರು ಮಾಡಿದ ಥರಾ ಇಲ್ಲಮ್ಮ" ಅಂದರು ಆಂಟಿ.

ಅವ್ವನ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ತಪ್ಪಾತ್ರೀ, ನನಗ ತಿಳೀಲಿಲ್ಲ" ಎಂದು ಲೋಟಕ್ಕೆ ಕೈಹಾಕಿದಳು.

ಆಂಟಿ ಲೋಟ ಬಿಡಲಿಲ್ಲ. "ಅವರ ಥರಾನೇ ಇದ್ದಿದ್ರೆ ನಂಗೆ ಗಂಟಲಲ್ಲಿ ಇಳೀತಿರ್ಲಿಲ್ಲ" ಎಂದು ಉಳಿದದ್ದನ್ನು ಗಸಿಯ ಸಮೇತ ಕುಡಿದು ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಹೋಗಮ್ಮ, ಮುಂದಿನ ಬಾಗಿಲು ತೆಗಿ. ಯಾರಾದ್ರೂ ಬರ್ತಾರೆ" ಅಂದರು.