ಉರುವಿಗೆ ಕಣ್ಣು ಬರೆದ ದಿನ

ದೈವದ ಮರದ ಮೂರ್ತಿಗೆ ನಮ್ಮ ಕಡೆ ಉರು ಎನ್ನುತ್ತಾರೆ. ಬ್ರಹ್ಮಾವರದ ನಮ್ಮ ಮನೆಯಂಗಳದಲ್ಲಿ ಅಪ್ಪಯ್ಯ ಅದನ್ನು ಕೆತ್ತುತ್ತಾರೆ, ಬಣ್ಣ ಹಚ್ಚುವುದು ನಾನು. ಎಲ್ಲ ಬಣ್ಣ ಮುಗಿದರೂ ಕಣ್ಣು ಮಾತ್ರ ಬೆಳ್ಳಗೆ ಹಾಗೇ ಉಳಿಯಬೇಕು. ಅದರೊಳಗೆ ಕಪ್ಪು ಬೊಟ್ಟು ಇಡುವುದು ಉರು ದೈವದ ಮನೆಗೆ ಹೋದ ಮೇಲೆ. ಅದೂ ಅಪ್ಪಯ್ಯನೇ ಮಿಂದು, ಬರಿಹೊಟ್ಟೆಯಲ್ಲಿ. ಬೊಟ್ಟಿಟ್ಟ ಮರುಗಳಿಗೆಗೆ ಎದುರಿನಲ್ಲಿ ಹೊದ್ಲು ಎಂಬ ಭತ್ತದ ಅರಳು, ಬೆಲ್ಲ, ಎಳನೀರು ಇರಲೇಬೇಕು. ಕಣ್ಣು ಬಂತೆಂದರೆ ಹಸಿವೂ ಬಂತು ಎನ್ನುತ್ತಾರೆ ಅವರು. ಅಲ್ಲಿಯವರೆಗೆ ಅದು ಬರೀ ಹಲಸಿನ ಮರ. ಅಮ್ಮ ಅದರ ತೋಳಿನ ಮೇಲೆ ಒದ್ದೆ ಬೈರಾಸು ಒಣಹಾಕಿದ್ದೂ ಉಂಟು.

ನಾನು ಫೋನಿನಲ್ಲಿ ಹಾಕುತ್ತಿದ್ದ ಪಟಗಳನ್ನು ಕಂಡು ಯುರೋಪಿನ ಒಂದು ಮ್ಯೂಸಿಯಂನಿಂದ ಒಬ್ಬ ಹೆಂಗಸು ಬರೆದಳು. ಮುಂದೆ ಅಲ್ಲಿ ನಡೆಯಲಿರುವ ಮರದ ಮೂರ್ತಿಗಳ ಪ್ರದರ್ಶನಕ್ಕೆ ನಮ್ಮದೊಂದು ಹೊಸ ಉರು ಬೇಕಂತೆ. ಖುಷಿಯಲ್ಲಿ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಪ್ಪಯ್ಯ ಮಾತ್ರ ಉಳಿ ಕೆಳಗಿಟ್ಟರು.

"ಮರ ಕೊಡುವ, ಅಡ್ಡಿಲ್ಲೆ. ಕಣ್ಣ್ ಮಾತ್ರ ಕೊಡುಕಾಗ. ಅಲ್ಲ್ ಅದ್ರ ಹೊಟ್ಟಿ ಕಾಂಬರ್ ಯಾರಿದ್ರ್?"

ಆಯ್ತು ಎಂದೆ. ನಾನೇನು ದೊಡ್ಡ ಭಕ್ತೆಯಲ್ಲ. ಹಿರಿಯರ ಮಾತು, ನಡೆಸಿದರಾಯಿತು ಎಂದಷ್ಟೇ ಅಂದುಕೊಂಡಿದ್ದೆ.

ಎದೆಯೆತ್ತರದ ಹೆಣ್ಣು ಉರು ಸಿದ್ಧವಾಯಿತು. ಅದನ್ನು ಪೆಟ್ಟಿಗೆಗೆ ತುಂಬಲು ಕುಂದಾಪುರದಿಂದ ಜನ ಬರಬೇಕಿದ್ದ ದಿನ ಅಪ್ಪಯ್ಯ ಹಾಲಾಡಿ ಕಡೆಯ ಒಂದು ದೈವದ ಮನೆಗೆ ರಿಪೇರಿ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಊಟ ಮುಗಿಸುವಾಗ ಆ ಹೆಂಗಸಿನ ಮೇಲ್ ಬಂತು. ಬರಲಿರುವ ಪ್ರದರ್ಶನಗಳ ಪಟ್ಟಿಯಲ್ಲಿ ಹಾಕಲು ಮುಖದ ಪಟ ಬೇಕು, ಆದರೆ ನೀವು ಕಳಿಸಿದ ಪಟದಲ್ಲಿ ಇದು ಅರ್ಧ ಕೆಲಸದಂತೆ ಕಾಣುತ್ತದೆ, ನಿಮಗೆ ಮುಗಿಸಲು ಸಮಯ ಸಾಲಲಿಲ್ಲವೇ ಎಂದು ಕೇಳಿದ್ದಳು. ಅರ್ಧ ಕೆಲಸ! ನನಗೆ ಮೈಯೆಲ್ಲ ಉರಿಯಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಸುಮ್ಮನೆ ಹೇಳುವುದಲ್ಲ. ಕೈ ತೊಳೆದೆ, ಸಣ್ಣ ಬ್ರಶ್ ತೆಗೆದುಕೊಂಡೆ, ಎರಡೂ ಕಣ್ಣಿಗೆ ಕಪ್ಪು ಇಟ್ಟೆ. ಬೆರಳಲ್ಲಿ ಇನ್ನೂ ಬಂಗುಡೆ ಮೀನಿನ ಸಾರಿನ ವಾಸನೆ ಇತ್ತು.

ಬ್ರಶ್ ತೆಗೆದು ಹಿಂದೆ ಸರಿದು ನೋಡಿದರೆ ಅದು ನನ್ನನ್ನೇ ನೋಡುತ್ತಿತ್ತು. ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಎಂಥ ಚಿತ್ರವಾದರೂ ಹಾಗೆ ಕಾಣುತ್ತದೆ ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಹೆದರಿಕೆಯಾಯಿತು. ಪಟ ತೆಗೆದು ಕಳಿಸಿದೆ. ಕಪ್ಪನ್ನು ಒರೆಸಿಬಿಡಲೇ ಎಂದುಕೊಂಡೆ, ಆದರೆ ಇಟ್ಟ ಕಣ್ಣನ್ನು ಒರೆಸುವುದೆಂದರೆ ಕಿತ್ತಂತೆಯೇ ಅಲ್ಲವೇ ಎನಿಸಿ ಕೈ ಏಳಲಿಲ್ಲ. ಅಷ್ಟರಲ್ಲಿ ಪೆಟ್ಟಿಗೆಯವರು ಬಂದರು. ಅವರು ಮುಚ್ಚಳಕ್ಕೆ ಮೊಳೆ ಹೊಡೆಯುವಾಗ ನಾನು ಬಚ್ಚಲಿಗೆ ಹೋಗಿ ನಿಂತಿದ್ದೆ.

ಸಂಜೆ ಅಪ್ಪಯ್ಯ ಬಂದು, "ಹೋಯ್ತಾ?" ಎಂದರು. "ಹೋಯ್ತ್" ಎಂದೆ. ಅವರ ಮುಖ ನೋಡಲಿಲ್ಲ.

ಆಮೇಲಿನ ದಿನಗಳಲ್ಲಿ ಯಾವುದಕ್ಕೂ ಬೆಚ್ಚಿಬೀಳುವುದೇ ನನ್ನ ಕೆಲಸವಾಯಿತು. ಹಾಲು ಒಡೆದರೆ ಅದೇ, ಅಮ್ಮ ಮೆಟ್ಟಿಲಲ್ಲಿ ಎಡವಿದರೆ ಅದೇ. ಅನ್ನಕ್ಕೆ ಕೈ ಹಾಕಿದರೆ ಪೆಟ್ಟಿಗೆಯ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಹಸಿದು ನಿಂತವಳು ನೆನಪಾಗುತ್ತಿದ್ದಳು. ಕೊನೆಗೆ ತಡೆಯಲಾರದೆ ಮ್ಯೂಸಿಯಂಗೆ ಬರೆದೆ: ದಿನಕ್ಕೊಮ್ಮೆ ಅದರೆದುರು ಒಂದು ಹಿಡಿ ಹೊದ್ಲು, ಸ್ವಲ್ಪ ಬೆಲ್ಲ ಇಡಲು ಆದೀತೇ? ಉತ್ತರ ಬಹಳ ಪ್ರೀತಿಯಿಂದಲೇ ಬಂತು. ತಿನ್ನುವ ವಸ್ತು ಒಳಗೆ ತರುವಂತಿಲ್ಲ, ಹುಳ ಬೀಳುತ್ತದೆ. ಆದರೆ ವಿಷಯ ತುಂಬಾ ಚೆನ್ನಾಗಿದೆ, ಉರುವಿನ ಪಕ್ಕದ ಗೋಡೆಯ ಮೇಲೆ ಬರೆದು ಹಾಕಬಹುದೇ?

ನನ್ನ ಹೆದರಿಕೆಯೂ ಅವರಿಗೆ ನೋಡುವ ವಸ್ತುವಾಯಿತು. ವಾಪಸು ಕಳಿಸಿ ಎಂದು ಆಗಲೇ ಬರೆಯಬಹುದಿತ್ತು. ಬರೆದೆ ಕೂಡ, ಮತ್ತೆ ಅಳಿಸಿದೆ. ಅಂಥ ಪಟ್ಟಿಯಲ್ಲಿ ನಮ್ಮ ಹೆಸರು ಬರುವುದು ಅದೇ ಮೊದಲು, ಆಸೆ ಬಿಡಲಿಲ್ಲ.

ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ ನಮ್ಮ ಉರುವಿನದೇ ಮುಖ. ಬೆಳಿಗ್ಗೆ ಅಪ್ಪಯ್ಯ ಅದನ್ನು ನೋಡಲು ಫೋನ್ ಕೇಳಿದಾಗ ಕೊಡದೆ ವಿಧಿ ಇರಲಿಲ್ಲ. ಅವರು ಕನ್ನಡಕ ಏರಿಸಿ, ಎರಡು ಬೆರಳಿನಲ್ಲಿ ಪಟವನ್ನು ದೊಡ್ಡದು ಮಾಡಿದರು.

"ಯಾರ್ ಬರ್ದದ್?"

"ನಾನೇ, ಅಪ್ಪಯ್ಯ."

"ಮಿಂದಿದ್ಯಾ?"

"ಇಲ್ಲೆ."

"ಎಂತ ಉಂಡಿದ್ದೆ?"

"ಮೀನ್."

ಬೈಯುತ್ತಾರೆ, ಇನ್ನು ಬ್ರಶ್ ಮುಟ್ಟಬೇಡ ಎನ್ನುತ್ತಾರೆ ಎಂದು ಕಾದೆ. ಅವರು ಬಹಳ ಹೊತ್ತು ನೋಡಿದರು. "ಲಾಯ್ಕ್ ಬಂದಿತ್ತ್ ಮಗಾ, ಸರೀ ಕಣ್ಣೇ ಬಂದಿತ್ತ್" ಎಂದು ಫೋನ್ ಹಿಂದೆ ಕೊಟ್ಟರು. ನನ್ನ ಕೈ ಅವರ ಕೈಯಲ್ಲ, ನಾನಿಟ್ಟದ್ದು ಬರೀ ಎರಡು ಚುಕ್ಕೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನವೂ ಹೋಯಿತು.

ಅಂದೇ ಕೂತು, ಉರುವನ್ನು ದಯವಿಟ್ಟು ಹಿಂದೆ ಕಳಿಸಿ ಎಂದು ಬರೆದೆ, ಅಳಿಸದೆ ಕಳಿಸಿದೆ. ಪೋಸ್ಟರುಗಳು ಅಚ್ಚಾಗಿವೆ, ಪ್ರದರ್ಶನ ಮುಗಿದ ಮೇಲೆ ಜೋಪಾನವಾಗಿ ಮುಟ್ಟಿಸುತ್ತೇವೆ ಎಂದು ಮ್ಯೂಸಿಯಂನಿಂದ ಉತ್ತರ ಬಂತು.

ಅದನ್ನು ಅಪ್ಪಯ್ಯನಿಗೆ ಹೇಳಿದೆ. ಆ ಮಧ್ಯಾಹ್ನ ಅಮ್ಮ ಊಟಕ್ಕೆ ಕರೆದರೆ ಏಳಲಿಲ್ಲ. ಸಕ್ಕರೆ ಕಾಯಿಲೆಯ ಮನುಷ್ಯ, ಎಪ್ಪತ್ತು ದಾಟಿದೆ; ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈಕಾಲು ನಡುಗಿ ಬೆವರುತ್ತಾರೆ. ನಾನು ಹೋಗಿ ಕೈ ಹಿಡಿದೆಳೆದೆ.

"ನೀನ್ ಉಣ್ಣ್, ಹೋಗ್" ಎಂದರು. "ಅದಕ್ಕೆ ಅಲ್ಲ್ ಉಂಬುಕಿಲ್ಲೆ. ಕೆತ್ತಿದವ್ನ್ ಇಲ್ಲ್ ಉಂಬುದ್ ಹ್ಯಾಂಗೆ? ಅದ್ ಮನಿಗ್ ಬರ್ಲಿ."

ಈಗ ದಿನಕ್ಕೆ ಒಂದೇ ಹೊತ್ತು, ಎರಡು ಸೌಟು ಗಂಜಿ. ಡಾಕ್ಟರು ಹೇಳಿ ನೋಡಿದರು, ಅಮ್ಮ ಅತ್ತು ನೋಡಿದಳು. ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ಅವರ ಹಣೆ ಬೆವರಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಪ್ರದರ್ಶನ ಮೊನ್ನೆ ಶುರುವಾಯಿತು. ಅದು ಮೂರು ತಿಂಗಳು ನಡೆಯುತ್ತದೆ.