ಹಾಲಹಳ್ಳದ ಹೆಸರು ಉಳಿಸಿದ ಜೀನತ್ ಬೇಗಂ

ಬೆಳಗಿನ ಆರಕ್ಕೆ ಕಲಬುರಗಿ ಹತ್ತಿರದ ಕಮಲಾಪುರದಲ್ಲಿ ಬಸ್ಸಿಳಿಯುವ ಜೀನತ್ ಬೇಗಂ ಚಹಾಕ್ಕೂ ನಿಲ್ಲುವುದಿಲ್ಲ. ಜನ ಹೊಲಕ್ಕೆ ಹೋಗುವುದರೊಳಗೆ ಊರು ಮುಟ್ಟಬೇಕು. ಬಗಲಿನ ಬಟ್ಟೆಚೀಲದಲ್ಲಿ ಹೆಸರುಗಳ ಪಟ್ಟಿ, ಪೆನ್ಸಿಲು, ಹೆಬ್ಬೆಟ್ಟಿನ ಮಸಿ. ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಆಕೆ ಕೇಳುವುದು ಒಂದೇ ಮಾತು: “ಈ ಹಳ್ಳಕ್ಕ, ಈ ಗುಡ್ಡಕ್ಕ ನೀವು ಏನಂತೀರಿ?”

ಸರ್ಕಾರಿ ನಕ್ಷೆಯಲ್ಲಿ ಊರಿನ ಹೆಸರು ಹೇಗಿರಬೇಕೆಂದು ಕೊನೆಗೆ ತೀರ್ಮಾನಿಸುವುದು ದೂರದ ರಾಷ್ಟ್ರೀಯ ಪ್ರಾಧಿಕಾರ. ಅಲ್ಲಿಗೆ ಹೋಗುವ ಮುನ್ನ ಪ್ರತಿ ಹೆಸರನ್ನೂ ಹಳೆಯ ದಾಖಲೆಯ ಜೊತೆ ತಾಳೆ ನೋಡಬೇಕು. ಈ ಭಾಗದ ಹಳೆಯ ದಾಖಲೆ ಬಹುಪಾಲು ನಿಜಾಮರ ಕಾಲದ ಉರ್ದುವಿನಲ್ಲಿದೆ. ಈ ತಾಳೆಯ ಕೆಲಸ ನಡೆಯುವ ಕಲಬುರಗಿಯ ಕಚೇರಿಯಲ್ಲಿ ಅದನ್ನು ಓದಬಲ್ಲವರು ಈಗ ಜೀನತ್ ಒಬ್ಬರೇ. ವಯಸ್ಸು ಐವತ್ತೆಂಟು. ಇಪ್ಪತ್ತೊಂಬತ್ತು ವರ್ಷದಿಂದ ತಾತ್ಕಾಲಿಕ ನೌಕರಿ. ದಿನಕ್ಕೆ ಮೂವತ್ತು ಹೆಸರು ಮುಗಿಸುತ್ತಾರೆ.

ಓದು ಕಲಿಸಿದವರು ತಂದೆ ವಹಾಬ್ ಸಾಹೇಬರು, ಅದೇ ಕಚೇರಿಯ ಗುಮಾಸ್ತರು. ಕಲಬುರಗಿಯ ರೋಜಾ ಬಡಾವಣೆಯ ಮನೆಯಂಗಳದಲ್ಲಿ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿಸುತ್ತಿದ್ದರು. “ಅಬ್ಬಾ ಊರ ಹೆಸರು ಹೇಳ್ತಿದ್ರ, ನಮ್ಮ ನೆಂಟರ ಸುದ್ದಿ ಹೇಳಿದಂಗ ಇರ್ತಿತ್ತು. ನಾನು ಸಣ್ಣಾಕಿ, ಅವರೆಲ್ಲಾ ಒಂದಿನ ಮನಿಗೆ ಬರ್ತಾರ ಅಂತ ತಿಳಕೊಂಡಿದ್ದೆ” ಎಂದು ನಗುತ್ತಾರೆ.

ಎರಡು ವರ್ಷದ ಹಿಂದೆ ಕಮಲಾಪುರದ ಹತ್ತಿರದ ಸಣ್ಣ ಊರೊಂದು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸಿದ ಕರಡು ಪಟ್ಟಿಯಲ್ಲಿ ‘ಹಾಳಹಳ್ಳ’ ಎಂದು ಬಂತು. ಜೀನತ್ ಹಳೆಯ ಕಡತ ತೆಗೆದರು. ಅಲ್ಲಿಯೂ ಪರಿಹಾರ ಇರಲಿಲ್ಲ. ಇಂಗ್ಲಿಷಿನಂತೆ ಉರ್ದುವಿನಲ್ಲೂ ಲ, ಳ ಎರಡಕ್ಕೂ ಒಂದೇ ಅಕ್ಷರ. ಸಹಿ ಹಾಕಿ ಕಳಿಸಿಬಿಡಿ ಎಂದರು ಮೇಲಿನವರು. ಆಕೆ ಹಾಕಲಿಲ್ಲ. ಒಂದು ದಿನದ ರಜೆ ಬರೆದುಕೊಟ್ಟು ಬಸ್ಸು ಹತ್ತಿದರು.

ಊರಿನಲ್ಲಿ ಸಿಕ್ಕವರು ಎಂಬತ್ತು ದಾಟಿದ ನೀಲಗಂಗಮ್ಮ. ಪಟ್ಟಿಯಲ್ಲಿದ್ದ ಹೆಸರು ಕೇಳಿ ಅಜ್ಜಿ ಮೊದಲು ಹಳ್ಳದ ಕಡೆ ಕೈ ತೋರಿಸಿದರು. ಮಳೆ ಬಂದಾಗ ಸುಣ್ಣದ ಮಣ್ಣು ಬೆರೆತು ಹಳ್ಳ ಬೆಳ್ಳಗೆ ಹರಿಯುತ್ತಿತ್ತೆಂದೂ, ತಾನು ಮದುವೆಯಾಗಿ ಬಂದ ದಿನ ಆ ನೀರಲ್ಲೇ ಕಾಲು ತೊಳೆದದ್ದೆಂದೂ ಆಮೇಲೆ ಹೇಳಿದರು.

“ಅದು ಹಾಲಹಳ್ಳ, ಯವ್ವಾ. ಹಾಳ ಅಂತ ಹೆಂಗ ಬರೀತಾರ? ನಾವಿನ್ನೂ ಇಲ್ಲೇ ಬಾಳ್ವಿ ಮಾಡಾಕತ್ತೀವಲ್ಲ.”

ಆ ಮಾತನ್ನು ಜೀನತ್ ಹಾಗೆಯೇ ಬರೆದುಕೊಂಡರು. ಹನ್ನೊಂದು ಮಂದಿ ಹಿರಿಯರ ಸಹಿ, ಹೆಬ್ಬೆಟ್ಟು ಪಡೆದು ಕರಡಿನ ಜೊತೆ ಲಗತ್ತಿಸಿದರು. ಏಳು ತಿಂಗಳು ಉತ್ತರವಿಲ್ಲ. ಕೊನೆಗೆ ಒಪ್ಪಿತವಾದ ಪಟ್ಟಿ ಬಂತು: ಹಾಲಹಳ್ಳ. ಕೈಬೆರಳು ಅದರ ಮೇಲಿಟ್ಟು ಆಕೆ ಎರಡು ಸಲ ಓದಿದರಂತೆ. ಅಂದಿನಿಂದ ಅನುಮಾನವಿದ್ದ ಹೆಸರನ್ನು ಊರಿಗೇ ಹೋಗಿ ಕೇಳುವುದು ರೂಢಿಯಾಗಿದೆ.

ಬರುವ ವರ್ಷ ಜೀನತ್ ಅವರ ನೌಕರಿ ಮುಗಿಯುತ್ತದೆ. ಆಸೆ ಏನೆಂದು ಕೇಳಿದರೆ ಸ್ವಲ್ಪ ಸಂಕೋಚದಿಂದಲೇ ಹೇಳುತ್ತಾರೆ: “ಹೊಸಾ ನಕ್ಷಾ ಛಾಪಾ ಆದಾಗ ನಂಗೂ ಒಂದು ಕೊಟ್ರ ಸಾಕ್ರೀ. ನೀಲಗಂಗಮ್ಮಗ ಓದಾಕ ಬರಂಗಿಲ್ಲ. ಆಕಿ ಇರೂದ್ರೊಳಗ ಹೋಗಿ ಓದಿ ಹೇಳಬೇಕು.”